ಆದಾಯದ ಅರಿವು

ಮೂರು ಜನ ಒಂದೇ ಸರಿ ಉತ್ತರ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ಜನ ಒಂದೇ ತಪ್ಪು ಬರೆದರೆ ಮಾತ್ರ ಕಳ್ಳರಾಗಿಬಿಡುತ್ತಾರೆ. ಇದು ನನಗೆ ಗೊತ್ತಾದದ್ದು ರಾಜೇಂದ್ರ ಸರ್ ಅವರ ಮೇಜಿನ ಮುಂದೆ ನಿಂತಾಗ.

ರಾಜೇಂದ್ರ ಸರ್ ಮಂಡ್ಯದ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರು. ಅವತ್ತು ಕಿರುಪರೀಕ್ಷೆಯ ಮೂರು ಉತ್ತರಪತ್ರಿಕೆಗಳನ್ನು ಸಾಲಾಗಿ ಹರಡಿ, ಮೂರರಲ್ಲೂ ಒಂದೇ ಪದದ ಕೆಳಗೆ ಕೆಂಪು ಗೆರೆ ಎಳೆದು, ನಮ್ಮನ್ನು ನೋಡಿ ನಕ್ಕರು. ಆ ನಗು ನನಗೆ ಒಂಚೂರೂ ಹಿಡಿಸಲಿಲ್ಲ. ಒಂದು ಪತ್ರಿಕೆ ನನ್ನದು, ಹೊಳಲಿನ ರೂಪಳದು. ಎರಡನೆಯದು ನನ್ನ ಗೆಳತಿ, ಮದ್ದೂರಿನ ಶಬ್ರೀನಳದು. ಮೂರನೆಯದು ಚಲುವರಾಜು ಅಣ್ಣನದು.

"ಹಾಲ್‌ನ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರು ಕೂತಿದ್ರಿ. ಆದರೂ ಮೂರು ಜನಕ್ಕೂ ಇದೇ ಪದ ಹೇಗೆ ಬಂತು? ಫೋನ್ ಎಲ್ಲಿಟ್ಕೊಂಡಿದ್ರಿ, ಹೇಳಿ."

ಪ್ರಶ್ನೆಯನ್ನು ಅವರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಬರೆದಿದ್ದರು: ಸರ್ಕ್ಯುಲರ್ ಫ್ಲೋ ಆಫ್ ಇನ್‌ಕಂ. ಪಾಠ ಮಾಡುವಾಗಲೂ ಅವರ ಬಾಯಲ್ಲಿ ಅದೇ. ಕನ್ನಡ ಮಾಧ್ಯಮದ ನಾವು ಅದಕ್ಕೆ ಕನ್ನಡದಲ್ಲಿ 'ಆದಾಯದ ವೃತ್ತಾಕಾರದ ಹರಿವು' ಎಂದು ಬರೆಯಬೇಕಿತ್ತು. ನಾವು ಬರೆದದ್ದು 'ಆದಾಯದ ವೃತ್ತಾಕಾರದ ಅರಿವು'. ಒಂದು ಕಡೆ ಕೈತಪ್ಪಿ ಬಂದಿದ್ದರೆ ಬೇರೆ ಮಾತು. ಶೀರ್ಷಿಕೆಯಿಂದ ಉಪಸಂಹಾರದವರೆಗೆ ಅರಿವೇ ಅರಿವು. ಸಾಲದ್ದಕ್ಕೆ, ಸಮಾಜದಲ್ಲಿ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ತಿಳಿವಳಿಕೆಯೇ ಅರಿವು ಎಂದು ಮೂರು ಜನವೂ ಒಂದೊಂದು ಪ್ಯಾರಾ ವಿವರಣೆ ಬೇರೆ ಕೊಟ್ಟಿದ್ದೆವು!

"ಮೂರಕ್ಕೂ ಸೊನ್ನೆ" ಎಂದರು ಸರ್.

ಕಿರುಪರೀಕ್ಷೆಯಲ್ಲಿ ಸೊನ್ನೆ ಬಂದವರನ್ನು ಮುಖ್ಯ ಪರೀಕ್ಷೆಗೆ ಕೂರಿಸುವುದಿಲ್ಲ. ನನಗೂ ಶಬ್ರೀನಳಿಗೂ ಸೊನ್ನೆ ಬಂದರೆ ಮನೆಯಲ್ಲಿ ಬೈಸಿಕೊಂಡು ಮುಂದಿನ ವರ್ಷ ಬರೆದುಕೊಳ್ಳಬಹುದಿತ್ತು. ಚಲುವಣ್ಣನಿಗೆ ಮುಂದಿನ ವರ್ಷ ಎನ್ನುವುದೇ ಇರಲಿಲ್ಲ. ಅವನು ನಮಗಿಂತ ಎಷ್ಟೋ ಹಿರಿಯ. ಮಳವಳ್ಳಿ ಕಡೆಯ ಹಳ್ಳಿಯವನು. ಕ್ಲಾಸುಗಳೆಲ್ಲ ಮುಗಿದು, ಗೆಜ್ಜಲಗೆರೆಯ ಒಂದು ಬಟ್ಟೆ ಕಾರ್ಖಾನೆಗೆ ಸೇರಿಕೊಂಡು ವರ್ಷಗಳೇ ಆಗಿದ್ದವು. ಇದೊಂದು ಪೇಪರ್ ಮಾತ್ರ ಬರೆದಾಗಲೆಲ್ಲ ಡುಮ್ಕಿ. ಡಿಗ್ರಿ ಮುಗಿಸಲು ವಿಶ್ವವಿದ್ಯಾಲಯ ಕೊಡುವ ಗಡುವು ಈ ಸಲದ ಮುಖ್ಯ ಪರೀಕ್ಷೆಗೆ ತೀರುತ್ತಿತ್ತು. ಪ್ರಾಂಶುಪಾಲರ ಕೈಕಾಲು ಹಿಡಿದು ಕಿರುಪರೀಕ್ಷೆ ಮತ್ತೆ ಬರೆಯಲು ಒಪ್ಪಿಗೆ ತಂದಿದ್ದ. ಈ ಸಲ ಹೋದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಂ.ಎ. ಮಾಡಿ ಮೇಷ್ಟ್ರಾಗಬೇಕು ಎನ್ನುವ ಅವನ ಆಸೆಯೂ ಅಲ್ಲಿಗೆ ಮುಗಿಯಿತು.

ಕಾರ್ಖಾನೆಗೆ ರಜೆ ಹಾಕಿ ಬಂದಿದ್ದವನು, ಸೊನ್ನೆ ಎಂದು ಕೇಳಿ, ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಸುಮ್ಮನೆ ಮಡಿಸುತ್ತ, ಬಿಚ್ಚುತ್ತ ನಿಂತಿದ್ದ.

ನಮ್ಮ ಸ್ನೇಹ ಶುರುವಾದದ್ದೇ ಜಗಳದಿಂದ. ಕಾಲೇಜಿನ ಲೈಬ್ರರಿಯಲ್ಲಿ ಆ ವಿಷಯಕ್ಕೆ ಕನ್ನಡದ ಒಳ್ಳೆಯ ಪುಸ್ತಕ ಇದ್ದದ್ದು ಒಂದೇ ಒಂದು. ನಾನೂ ಶಬ್ರೀನೂ ಹೋಗುವಷ್ಟರಲ್ಲಿ ಯಾರೋ ಮೀಸೆ ಹೊತ್ತ ಮನುಷ್ಯ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಏನಣ್ಣಾ, ಮಗಳಿಗೆ ಓದ್ಸಕ್ಕಾ ಬುಕ್ಕು?" ಎಂದೆ.

ಅವನು ಸಿಟ್ಟಾಗಲಿಲ್ಲ. "ನಾನೇ ಓದ್ಬೇಕು ಕಣವ್ವಾ. ನಂಗಿನ್ನೂ ಮದ್ವೇನೇ ಆಗಿಲ್ಲ, ಮಗಳ್ನ ಎಲ್ಲಿಂದ ತರ್ಲಿ?" ಎಂದು ನಕ್ಕ.

ಹತ್ತು ಮಾತಾದ ಮೇಲೆ ರಾಜಿಯಾಯಿತು. ಪುಸ್ತಕ ಅವನ ಹತ್ತಿರವೇ ಇರಲಿ, ಅವನು ಪುಟಗಳ ಫೋಟೋ ತೆಗೆದು ನಮಗೆ ವಾಟ್ಸಾಪಿನಲ್ಲಿ ಕಳಿಸಲಿ ಎಂದು ಶಬ್ರೀನ್ ಸೂಚಿಸಿದಳು. ಅದಕ್ಕೆ ಅವನು ಒಪ್ಪಲಿಲ್ಲ. "ಪೋಟೋ ಕಳ್ಸುದ್ರೆ ನೀವು ಓದಿ ಪಾಸಾಯ್ತೀರ, ನಂಗೇನ್ ಬತ್ತದೆ? ಬಾಯ್ಪಾಠ ಮಾಡೀ ಮಾಡೀ ಫೇಲಾಗಿರೋನು ನಾನು. ನಾನು ಓದಿ ನಿಮ್ಗೆ ಬಾಯಲ್ಲಿ ಯೋಳ್ತೀನಿ. ನೀವು ತಿರುಗ್ಸಿ ನಂಗೆ ಒಪ್ಸಿ. ನಿಮ್ಗೆ ತಿಳೀನಿಲ್ಲ ಅಂದ್ರೆ ನಂಗೂ ತಿಳ್ದಿಲ್ಲ ಅಂತ ಲೆಕ್ಕ."

ಹೀಗೆ ನಮ್ಮ ಗುಂಪು ಹುಟ್ಟಿತು. ಚಲುವಣ್ಣ ಒಂದು ಅಧ್ಯಾಯ ಓದಿಕೊಂಡು, ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನಾಚೆಯ ಬೇವಿನ ಮರದ ಕೆಳಗೆ ನಿಂತು ವಾಯ್ಸ್ ಕಳಿಸುತ್ತಿದ್ದ. "ರೂಪಾ, ಶಬ್ರೀನೂ, ಕೇಳುಸ್ಕಳಿ" ಎಂದು ಶುರು ಮಾಡಿದನೆಂದರೆ ಹಿಂದೆ ಲಾರಿ ಹಾರ್ನು, ಚಟ್ನಿ ಪುಡಿ ಕೇಳುವ ಹೆಂಗಸರ ದನಿ, ನಡುವೆ ಅರ್ಥಶಾಸ್ತ್ರ. ನಾನು ಬೆಲ್ಲ ಕಾಯಿಸುವ ನಮ್ಮ ಆಲೆಮನೆಯಲ್ಲಿ ಅಪ್ಪನಿಗೆ ಬುತ್ತಿ ಕೊಟ್ಟು ಅಲ್ಲೇ ಕೂತು ಕೇಳಿ, ನನಗೆ ತಿಳಿದ ಹಾಗೆ ತಿರುಗಿಸಿ ಹೇಳುತ್ತಿದ್ದೆ. ತಪ್ಪಿದರೆ ಇಬ್ಬರೂ ಮುಲಾಜಿಲ್ಲದೆ ಉಗಿಯುತ್ತಿದ್ದರು. ಕೊನೆಗೆ ಶಬ್ರೀನ್ ಇಬ್ಬರ ಮಾತನ್ನೂ ಸೋಸಿ, ಪರೀಕ್ಷೆಗೆ ಬರೆಯುವಂಥ ಶುದ್ಧ ಕನ್ನಡದಲ್ಲಿ ಟೈಪ್ ಮಾಡಿ ಗುಂಪಿಗೆ ಹಾಕುತ್ತಿದ್ದಳು.

ಪುಸ್ತಕದ ಉದಾಹರಣೆಗಳು ನಮಗೆ ಬೇಡ ಎನ್ನುವುದು ಚಲುವಣ್ಣನ ಇನ್ನೊಂದು ಕಟ್ಟಳೆ. ಯಾವುದೇ ವಿಷಯವಾದರೂ ನಮ್ಮ ಮೂರು ಮನೆಯೊಳಗೆ ತಂದು ತೋರಿಸಬೇಕು. ಮೊದಮೊದಲು ನನಗೆ ಇದು ಹುಡುಗಾಟ ಅನಿಸಿತು. ಆಮೇಲೆ ನೋಡಿದರೆ, ಬೆಲೆ ಏರಿದರೆ ಕೊಳ್ಳುವವರು ಕಡಿಮೆ ಎನ್ನುವ ಬೇಡಿಕೆಯ ನಿಯಮ ನಮ್ಮ ಬೆಲ್ಲದ ಅಚ್ಚಿನಲ್ಲೇ ಇತ್ತು. ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು.

ಶಬ್ರೀನಳ ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಅವಳದು ಉರ್ದು. ಅಪ್ಪ ನಯಾಜ್ ಪಾಷಾ ಮದ್ದೂರಿನಲ್ಲಿ ಬೈಕ್ ಮೆಕ್ಯಾನಿಕ್. ಆದರೆ ಕಾಗುಣಿತದಲ್ಲಿ ಅವಳನ್ನು ಮೀರಿಸುವವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಪಿಯುಸಿಯಲ್ಲಿ ಕನ್ನಡಕ್ಕೆ ನೂರಕ್ಕೆ ನೂರು. ನಾನೂ ಚಲುವಣ್ಣನೂ ಹುಟ್ಟಾ ಮಂಡ್ಯದವರು, ಹಕಾರ ನಮ್ಮ ನಾಲಿಗೆಗೆ ಆಗಿಬರುವುದಿಲ್ಲ. ಹಳ್ಳಿ ನಮಗೆ ಅಳ್ಳಿ, ಹಾಲು ಆಲು. ಶಬ್ರೀನಳ ಬಾಯಲ್ಲಿ ಮಾತ್ರ 'ಹ' ಎಂದರೆ 'ಹ'. ನಮ್ಮ ವಾಯ್ಸಿನಲ್ಲಿ ಉದುರಿಹೋದ ಹಕಾರಗಳನ್ನೆಲ್ಲ ಅವಳು ಹೆಕ್ಕಿ ಹೆಕ್ಕಿ ಅದರದರ ಜಾಗಕ್ಕೆ ಕೂರಿಸುತ್ತಿದ್ದಳು. ಅಳ್ಳಿ ಎಂದರೆ ಹಳ್ಳಿ ಎಂದು ಗೊತ್ತು, ಯಾಕೆಂದರೆ ಅಳ್ಳಿ ಎನ್ನುವ ಪದ ಪುಸ್ತಕದಲ್ಲಿಲ್ಲ. ಆದರೆ 'ಅರಿವು' ಎನ್ನುವ ಪದ ಇದೆಯಲ್ಲ! ಅದೂ ಎಂಥ ಗೌರವದ ಪದ. ಚಲುವಣ್ಣ ವಾಯ್ಸಿನಲ್ಲಿ "ಆದಾಯದ ಅರಿವು" ಎಂದ. ಅವಳು ಹಾಗೇ ಬರೆದಳು, ಬರೆದು ಅದಕ್ಕೊಂದು ಅರ್ಥವನ್ನೂ ಹೊಂದಿಸಿದಳು. ನಾನು ಓದಿ ತಲೆದೂಗಿದೆ.

ಇದರಲ್ಲೆಲ್ಲ ತಮಾಷೆಯ ಸಂಗತಿ ಚಲುವಣ್ಣನದು. ಪುಸ್ತಕ ಓದಿದ್ದವನು ಅವನೊಬ್ಬನೇ. ಅದರಲ್ಲಿ ಹರಿವು ಎಂದೇ ಇತ್ತು. ಶಬ್ರೀನ್ ಬರೆದದ್ದನ್ನು ನೋಡಿ, ಪುಸ್ತಕದಲ್ಲೇ ಅಚ್ಚಿನ ತಪ್ಪಾಗಿದೆ ಎಂದುಕೊಂಡು ಸುಮ್ಮನಾಗಿಬಿಟ್ಟ!

ಇಷ್ಟನ್ನೂ ನಾನು ರಾಜೇಂದ್ರ ಸರ್ ಎದುರು ಒಂದೇ ಉಸಿರಿಗೆ ಹೇಳಿದೆ. ಅವರು ನಂಬಲಿಲ್ಲ. ಅವರನ್ನೂ ಪೂರ್ತಿ ದೂರಲಾರೆ. ಹಿಂದಿನ ವರ್ಷ ಫೋನಿನಲ್ಲಿ ನೋಡಿ ಬರೆದವರು ಅವರ ಕೈಗೇ ಸಿಕ್ಕಿಬಿದ್ದಿದ್ದರು. ವಾಟ್ಸಾಪು ಎಂದರೆ ಅವರಿಗೆ ಕಾಪಿ ಹೊಡೆಯುವ ಯಂತ್ರ.

ಅವರು ಚಲುವಣ್ಣನನ್ನು ಹೊರಗೆ ಕಳಿಸಿ, ನಮ್ಮಿಬ್ಬರ ಹತ್ತಿರ ದನಿ ಇಳಿಸಿದರು. "ನೀವಿಬ್ರೂ ಚೆನ್ನಾಗಿ ಓದೋ ಮಕ್ಕಳು. ಅವನ ಹಣೆಬರಹ ನನಗೆ ಗೊತ್ತು, ಪ್ರತಿ ಸಲ ಫೇಲು. ನಿಮ್ಮದನ್ನ ನೋಡಿ ಅವನು ಬರೆದ ಅಂತ ಒಂದು ಮಾತು ಬರೆದುಕೊಡಿ. ನಿಮ್ಮ ಮಾರ್ಕ್ಸ್ ನಿಮಗೆ ಕೊಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಶಬ್ರೀನ್ ಮಾತಾಡಿದಳು. ಅವಳು ದನಿ ಎತ್ತುವವಳಲ್ಲ. "ಸರ್, ಅವರು ನಮ್ಮಿಂದ ನೋಡಿ ಬರೀಲಿಲ್ಲ. ನಾವು ಅವರಿಂದ ಕೇಳಿ ಕಲಿತ್ವಿ. ಸುಳ್ಳು ಬರೆದುಕೊಡೋಕೆ ನನಗೆ ಬರಲ್ಲ" ಎಂದಳು.

"ಮೂರು ಜನವನ್ನೂ ಬೇರೆಬೇರೆಯಾಗಿ ಕೂರ್ಸಿ ಬಾಯಲ್ಲೇ ಕೇಳಿ ಸಾರ್" ಎಂದೆ ನಾನು. "ಕದ್ದು ಬರ್ದಿದ್ರೆ ಬಾಯಿಗೆ ಬತ್ತದಾ? ಪ್ರಿನ್ಸಿಪಾಲ್ ಮೇಡಂ ಮುಂದೇನೇ ಕೇಳಿ!"

ನಾನು ಅಷ್ಟಕ್ಕೇ ಬಿಡಲಿಲ್ಲ. ನೇರವಾಗಿ ಮೇಡಂ ಕೋಣೆಗೆ ಹೋಗಿ ಕದ ತಟ್ಟಿದೆ.

ನಮ್ಮ ಪ್ರಾಂಶುಪಾಲರು ದೇವಿರಮ್ಮ ಮೇಡಂ. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಎಲ್ಲ ಕೇಳಿ, "ಆಗಲಿ, ಕೇಳೋಣ. ರಾಜೇಂದ್ರ, ನೀವೇ ಪ್ರಶ್ನೆ ಕೇಳಿ" ಎಂದರು. ಮೊದಲು ಶಬ್ರೀನಳನ್ನು ಕರೆದರು. ಆಮೇಲೆ ನನ್ನನ್ನು. ನಾವಿಬ್ಬರೂ ತಡವರಿಸದೆ ಹೇಳಿದೆವು. ಸರ್ ಮುಖದಲ್ಲಿ ಏನೂ ಬದಲಾಗಲಿಲ್ಲ. ನಮ್ಮ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲವಲ್ಲ. ಅವರಿಗೆ ಬೇಕಾಗಿದ್ದವನು ಚಲುವಣ್ಣ.

"ನೀವಿಬ್ಬರೂ ಇಲ್ಲೇ ಹಿಂದೆ ಕೂತ್ಕೊಳ್ಳಿ. ಬಾಯಿ ಬಿಟ್ಟರೆ ಅಲ್ಲಿಗೆ ಮುಗೀತು" ಎಂದರು ಮೇಡಂ, ಮುಖ್ಯವಾಗಿ ನನ್ನನ್ನು ನೋಡಿ.

ಚಲುವಣ್ಣ ಒಳಗೆ ಬಂದ. ಕೂರು ಎಂದರೂ ಕೂರಲಿಲ್ಲ. ಸರ್ ಕೇಳಿದರು, "ಎರಡು ವಲಯದ ಮಾದರಿ ವಿವರಿಸಿ."

"ಒಂದು... ಆರ್ಥಿಕ... ವೆವಸ್ತೆಯಲ್ಲಿ... ಕುಟುಂಬ ವಲಯವು ಮತ್ತು..." ಎಂದು ಪುಸ್ತಕದ ಕನ್ನಡದಲ್ಲಿ ಎರಡು ಹೆಜ್ಜೆ ಹೋಗಿ ನಿಂತ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತ. ಹಣೆಯಲ್ಲಿ ಬೆವರು. ಫೇಲಾದಾಗಲೆಲ್ಲ ಹೀಗೇ ಆಗಿರಬೇಕು ಎಂದು ನನಗೆ ಆಗ ಹೊಳೆಯಿತು. ಸರ್ ಮೇಡಂ ಕಡೆ ನೋಡಿ ಕೈ ತಿರುಗಿಸಿದರು, ನೋಡಿದ್ರಾ ಎನ್ನುವ ಹಾಗೆ. ನಾನು ತುಟಿ ಕಚ್ಚಿಕೊಂಡೆ. ಎಷ್ಟು ಜೋರಾಗಿ ಎಂದರೆ ಉಪ್ಪುಪ್ಪು ರುಚಿ ಬಂತು.

"ಚಲುವರಾಜು" ಎಂದರು ಮೇಡಂ. "ಈ ಹುಡುಗೀರಿಗೆ ಹೇಗೆ ಹೇಳಿಕೊಟ್ಟಿರೋ ಹಾಗೇ ನನಗೂ ಹೇಳಿ."

"ಫೋನಲ್ಲಿ ಯೋಳ್ತಿದ್ದೆ ಮೇಡಂ. ಮಕ ನೋಡ್ಕೊಂಡು ಯೋಳಿ ಅಬ್ಯಾಸಿಲ್ಲ."

ಮೇಡಂ ಸ್ವಲ್ಪ ಯೋಚಿಸಿದರು. "ಫೋನ್ ಆಫ್ ಮಾಡಿ ಕೈಯಲ್ಲಿ ಹಿಡ್ಕೊಳ್ಳಿ. ಆ ಕಡೆ ತಿರುಗಿ ಹೇಳಿ, ಅದಕ್ಕೇನಂತೆ."

ರಾಜೇಂದ್ರ ಸರ್ ಫೋನನ್ನು ಇಸಿದುಕೊಂಡು, ಆಫ್ ಆಗಿದೆಯೇ ಎಂದು ತಾವೇ ನೋಡಿ ವಾಪಸ್ ಕೊಟ್ಟರು. ಚಲುವಣ್ಣ ಕಿಟಕಿಯ ಕಡೆ ತಿರುಗಿದ. ಸತ್ತ ಫೋನನ್ನು ಬಾಯಿಯ ಹತ್ತಿರ ತಂದು, ಹೆಬ್ಬೆರಳಿನಿಂದ ಗಾಜನ್ನು ಒತ್ತಿಹಿಡಿದು, ಗಂಟಲು ಸರಿಮಾಡಿಕೊಂಡ.

"ರೂಪಾ, ಶಬ್ರೀನೂ, ಕೇಳುಸ್ಕಳಿ. ನಂಗೆ ಸಂಬಳ ಬಂತು ಅಂತ ಇಟ್ಕಳಿ. ಕಂಪ್ನಿ ನಂಗ್ಯಾಕೆ ಕೊಡ್ತು? ನನ್ ದುಡಿಮೆ ತಕಂಡ್ತು, ಅದ್ಕೆ ಕೊಡ್ತು. ನಮ್ ಮನೆ ಅಂದ್ರೆ ಕುಟುಂಬ ವಲಯ, ಕಂಪ್ನಿ ಅಂದ್ರೆ ಉದ್ಯಮ ವಲಯ. ಈಗ ನನ್ ಬೈಕಿಂದು ಬ್ರೇಕ್ ಓಯ್ತು. ಮದ್ದೂರಲ್ಲಿ ನಯಾಜಣ್ಣನ ಗ್ಯಾರೇಜಲ್ಲಿ ಬುಟ್ಟೆ. ನನ್ ಕರ್ಚು ಅವ್ರ ಆದಾಯ ಆಯ್ತಲ್ವಾ? ಅವ್ರ ಮನೇಲಿ ಅಬ್ಬ ಬಂತು, ಬೆಲ್ಲ ತಂದ್ರು. ಅದು ಒಳಲು ಬೆಲ್ಲ, ರೂಪಾ ಅವ್ರಪ್ಪನ ಆಲೆಮನೇದು. ಅವ್ರ ಕರ್ಚು ರೂಪಾ ಅವ್ರಪ್ಪಂಗೆ ಆದಾಯ. ಅವ್ರು ಮಂಡ್ಯದಲ್ಲಿ ಒಂದು ಸರ್ಟು ತಕಂಡ್ರು. ಆ ಸರ್ಟಿಗೆ ಕಾಲರ್ ಒಲ್ದಿರೋನು ಯಾರು? ನಾನು! ದುಡ್ಡು ಸುತ್ತಾಕಂಡು ಕಂಪ್ನಿಗೆ ಬಂತು, ಕಂಪ್ನಿಯಿಂದ ನಂಗೆ ಬಂತು..."

ಅವನ ಬೆನ್ನು ನಮ್ಮ ಕಡೆಗಿತ್ತು. ತೊಡರು ಎಲ್ಲಿ ಹೋಯಿತೋ, ಮಾತು ನಾಲೆ ನೀರಿನ ಹಾಗೆ ಬರುತ್ತಿತ್ತು. ನಾನೂ ಶಬ್ರೀನೂ ಕೈ ಕೈ ಹಿಡಿದುಕೊಂಡು ಕೂತಿದ್ದೆವು.

ಸರ್ ನಡುವೆ ತಡೆದರು. "ಇದನ್ನ ಮೂರು ಜನವೂ ಬರೆದಿದ್ದೀರಿ. ಇದನ್ನು ಬಿಟ್ಟು ಕೇಳ್ತೀನಿ. ರೂಪಾ ಅವರ ತಂದೆ ಶರ್ಟೇ ಕೊಳ್ಳಲಿಲ್ಲ ಅಂತ ಇಟ್ಕೊಳ್ಳಿ. ಬೆಲ್ಲದ ದುಡ್ಡನ್ನ ಮನೇಲೇ ಇಟ್ಟುಕೊಂಡರು. ಅವರು ಶ್ರೀಮಂತರಾದ್ರಾ?"

ಇದು ನಮ್ಮ ಗುಂಪಿನಲ್ಲಿ ಬಂದಿರಲಿಲ್ಲ. ಚಲುವಣ್ಣ ಫೋನು ಕೆಳಗಿಳಿಸದೆ ಇನ್ನೊಂದು ಕೈಯ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದ. ಒಳಗೇ ದುಡ್ಡಿನ ಹಿಂದೆ ಹೋಗುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು.

"ಒಬ್ರು ಮಡಿಕಂಡ್ರೆ ಏನೂ ಆಗಾಕಿಲ್ಲ ಸಾ. ಎಲ್ಲಾರೂ ಅಂಗೇ ಮಾಡುದ್ರೆ ಸರ್ಟು ಕರ್ಚಾಗಾಕಿಲ್ಲ. ನಮ್ಗೆ ಓವರ್ ಟೈಮ್ ನಿಲ್ಸ್ತಾರೆ. ಸಂಬಳ ಕಮ್ಮಿ ಆದ್ರೆ ನಾನು ಬ್ರೇಕ್ ರಿಪೇರಿ ಮುಂದುಕ್ಕೆ ಆಕ್ತೀನಿ. ನಯಾಜಣ್ಣನ ಗ್ಯಾರೇಜು ಕಾಲಿ ಒಡೀತದೆ. ಅವ್ರು ಅಬ್ಬಕ್ಕೆ ಬೆಲ್ಲ ಕಮ್ಮಿ ತತ್ತಾರೆ. ಕೊನೇಗೆ ರೂಪಾ ಅವ್ರಪ್ಪಂದೇ ಬೆಲ್ಲ ಆಲೆಮನೇಲಿ ಕೂತ್ಕತದೆ. ಉಳ್ಸೋಕೆ ಓಗಿ ಅವ್ರೇ ಕಳ್ಕಂಡಂಗಾಯ್ತು. ಅದು ಸೋರಿಕೆ ಸಾ."

ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಬ್ಯಾಂಕಲ್ಲಿ ಇಟ್ಟರೆ?"

"ಬ್ಯಾಂಕ್ನೋರು ಅದ್ನೇ ನಯಾಜಣ್ಣಂಗೆ ಒಸಾ ಮಿಷನ್ ತರಕ್ಕೆ ಕೊಟ್ರೆ, ಸೋರೋದಿದ್ದದ್ದು ತಿರ್ಗಾ ಒಳಿಕ್ಕೇ ಬತ್ತದೆ. ಅದು ಸೇರ್ಪಡೆ. ಕೊಡದೇ ಕೂತ್ರೆ ಮನೇಲಿ ಇಟ್ಟಂಗೇಯ."

ಸರ್ ಉತ್ತರಪತ್ರಿಕೆ ತೆಗೆದು ಮತ್ತೆ ನೋಡಿದರು. ಇಷ್ಟಾದರೂ ಅವರಿಗೆ ಆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಹರಿವು' ಎಂದು ಬರೆದು ಚಲುವಣ್ಣನ ಮುಂದೆ ಹಿಡಿದರು.

"ಇದನ್ನ ಓದಿ."

"ಅರಿವು" ಎಂದ ಚಲುವಣ್ಣ.

"ಸರಿಯಾಗಿ ನೋಡಿ ಓದಿ. ಹರಿವು."

"ಅದೇ ಸಾ. ಅರಿವು."

"ಹ... ಹ... ಹರಿವು!"

"ಅ... ಅ..." ಚಲುವಣ್ಣ ಎದೆಯುಬ್ಬಿಸಿ ಉಸಿರೆಳೆದುಕೊಂಡ. "ಅರಿವು!"

ದೇವಿರಮ್ಮ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ರಾಜೇಂದ್ರ, ಕೇಳುದ್ರಾ? ಅಂಗಾದ್ರೆ ಕಾಪಿ ಎಲ್ಲಿಂದ ಬಂತು? ತಪ್ಪು ಉಟ್ಟಿರೋದೇ ಈ ಬಾಯಲ್ಲಿ!"

ಮೇಡಂ ಬಾಯಿಯಿಂದಲೂ ಹಕಾರ ಉದುರಿದ್ದು ಕೇಳಿ ನನಗೆ ತಡೆಯಲಾಗಲಿಲ್ಲ, ಪಕ್ಕನೆ ನಕ್ಕುಬಿಟ್ಟೆ. ಅವರಿಗೂ ಗೊತ್ತಾಯಿತು. "ನಾನೂ ಮಳವಳ್ಳಿಯೋಳೇ ಕಣಮ್ಮ, ನಗು ಬಂದ್ರೆ ಹಕಾರ ಎಲ್ಲಿ ನಿಲ್ತದೆ" ಎಂದರು.

ಶಬ್ರೀನ್ ಎದ್ದು ನಿಂತಳು. "ಸರ್, ಕನ್ನಡ ಅವರ ಮನೆಮಾತು, ಅವರು ಹೇಳಿದ ಪದ ಸರಿಯಾಗೇ ಇರುತ್ತೆ ಅಂತ ನಾನು ನಂಬಿದೆ. ನಾನು ಬರೆದದ್ದು ಶುದ್ಧವಾಗಿರುತ್ತೆ ಅಂತ ಅವರು ನಂಬಿದ್ರು. ಇಷ್ಟೇ ಆಗಿದ್ದು."

ರಾಜೇಂದ್ರ ಸರ್ ಆ ಮೂರು ಪತ್ರಿಕೆಗಳನ್ನೂ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೆಂಪು ಪೆನ್ನು ತೆಗೆದು ಸೊನ್ನೆಗಳನ್ನು ಹೊಡೆದು ಹಾಕಿದರು. ಪದ ತಪ್ಪಾದದ್ದಕ್ಕೆ ಮೂರು ಜನಕ್ಕೂ ಒಂದೊಂದು ಅಂಕ ಕಳೆದು, ಉಳಿದದ್ದನ್ನು ಕೊಟ್ಟರು. ನಾನಾಗಿದ್ದರೆ ಆ ಒಂದನ್ನೂ ಕಳೆಯುತ್ತಿರಲಿಲ್ಲ. ಆದರೆ ಎದ್ದು ಹೋಗುವಾಗ ಅವರು ಚಲುವಣ್ಣನ ಹೆಗಲ ಮೇಲೆ ಕೈಯಿಟ್ಟು, "ಬ್ಯಾಂಕಿನ ಉತ್ತರ ಚೆನ್ನಾಗಿತ್ತು ಕಣಯ್ಯ. ಪರೀಕ್ಷೇಲಿ ಹೆದರಬೇಡ, ಇವರಿಗೆ ಹೇಳ್ತಿದ್ದೀನಿ ಅಂದ್ಕೊಂಡು ಬರಿ" ಎಂದರು. ಅದು ನನಗೆ ಮೆಚ್ಚಿಗೆಯಾಯಿತು. ಮಾರನೆಯ ಕ್ಲಾಸಿನಿಂದ ಬೋರ್ಡಿನ ಮೇಲೆ ಇಂಗ್ಲಿಷ್ ಪದದ ಪಕ್ಕದಲ್ಲಿ ಕನ್ನಡ ಪದವನ್ನೂ ಬರೆಯತೊಡಗಿದರು.

ಪರೀಕ್ಷೆಗೆ ಮೊದಲಿನ ವಾರಗಳಲ್ಲಿ ನಮ್ಮ ಗುಂಪು ಹೇಗೆ ಕೆಲಸ ಮಾಡಿತು ಎಂದರೆ, ನಮ್ಮವ್ವ ನನ್ನ ಫೋನನ್ನು ನೋಡಿ "ಇದ್ರೊಳ್ಗೆ ಇರೋ ಮೇಷ್ಟ್ರು ಊಟ ಮಾಡಾಕಿಲ್ವಾ?" ಎಂದು ಕೇಳುತ್ತಿದ್ದಳು. ಶಬ್ರೀನ್ ಈಗ ಒಂದೊಂದು ಪದಕ್ಕೂ "ಹ ಇದೆಯಾ, ಇಲ್ವಾ?" ಎಂದು ಪೊಲೀಸರ ಹಾಗೆ ವಿಚಾರಣೆ ಮಾಡುತ್ತಿದ್ದಳು. ಚಲುವಣ್ಣ ಬರೆದು ತೋರಿಸಬೇಕು, ಹೇಳಿದರೆ ನಡೆಯುತ್ತಿರಲಿಲ್ಲ. ಪರೀಕ್ಷೆಯ ದಿನ ಹೊರಗೆ ಬಂದವನು, ಹೇಗಾಯಿತು ಎಂದು ಕೇಳಿದ್ದಕ್ಕೆ, "ಕಾಗ್ದ ಸಾಲ್ದೆ ಇನ್ನೂ ಇಸ್ಕಂಡೆ ಕಣವ್ವಾ" ಎಂದಷ್ಟೇ ಹೇಳಿದ. ಫೇಲಾಗುವವನು ಹೆಚ್ಚುವರಿ ಹಾಳೆ ಕೇಳುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೂ ಫಲಿತಾಂಶ ಬರುವವರೆಗೆ ನನಗೆ ಅನ್ನ ರುಚಿಸಲಿಲ್ಲ. ನನ್ನದಕ್ಕಲ್ಲ, ಅವನದಕ್ಕೆ.

ಫಲಿತಾಂಶ ಬಂದ ದಿನ ನಾನು ಮದ್ದೂರಿನಲ್ಲಿ, ನಯಾಜ್ ಪಾಷಾ ಅವರ ಗ್ಯಾರೇಜಿನಲ್ಲಿದ್ದೆ. ಶಬ್ರೀನ್ ಬರಹೇಳಿದ್ದಳು. ವಿಶ್ವವಿದ್ಯಾಲಯದ ವೆಬ್‌ಸೈಟು ಹಳೇ ಎತ್ತಿನ ಗಾಡಿಗಿಂತ ನಿಧಾನ. ತೆರೆಯುತ್ತದೆ, ನಿಲ್ಲುತ್ತದೆ, ಮುಚ್ಚಿಕೊಳ್ಳುತ್ತದೆ. ಮೊದಲು ಯಾರದನ್ನು ಹಾಕಬೇಕು ಎಂದು ನಾವು ಮಾತಾಡಲೂ ಇಲ್ಲ. ಶಬ್ರೀನಳ ಬೆರಳು ತಾನಾಗಿಯೇ ಚಲುವಣ್ಣನ ನಂಬರು ಒತ್ತಿತು. ಬಿಳಿ ಪರದೆ ಸುಮಾರು ಹೊತ್ತು ಬಿಳಿಯಾಗಿಯೇ ಇತ್ತು. ನಯಾಜ್ ಪಾಷಾ ಸ್ಪ್ಯಾನರ್ ಕೆಳಗಿಟ್ಟು ಗ್ರೀಸ್ ಕೈಯನ್ನು ಒರೆಸಿಕೊಳ್ಳುತ್ತ ಬಂದು ನಮ್ಮ ಹಿಂದೆ ನಿಂತರು.

ಪುಟ ತೆರೆಯಿತು. ಉತ್ತೀರ್ಣ. ಎಂಬತ್ತೆರಡು ಅಂಕ.

ನಾನು ಕಿರುಚಿದ್ದಕ್ಕೆ ಎದುರುಗಡೆ ಟೀ ಅಂಗಡಿಯವರು ಎದ್ದು ಬಂದರು. ಶಬ್ರೀನ್ ಕಿರುಚಲಿಲ್ಲ. ಅಪ್ಪನ ತೋಳು ಹಿಡಿದುಕೊಂಡು, "ಎಂಬತ್ತೆರಡು, ಅಬ್ಬಾ, ಎಂಬತ್ತೆರಡು" ಎಂದು ಅದನ್ನೇ ಹೇಳುತ್ತಿದ್ದಳು.

ಫೋನ್ ಮಾಡೋಣ ಎಂದರೆ ಕಾರ್ಖಾನೆಯೊಳಗೆ ಫೋನು ಬಿಡುವುದಿಲ್ಲ, ಗೇಟಿನಲ್ಲೇ ಇಟ್ಟು ಹೋಗಬೇಕು. ಸಂಜೆ ಗಂಟೆ ಹೊಡೆಯುವ ಹೊತ್ತಾಗಿತ್ತು. ರಿಪೇರಿಯಾಗಿ ನಿಂತಿದ್ದ ಯಾರದೋ ಸ್ಕೂಟರಿನ ಕೀಯನ್ನು ನಯಾಜ್ ಪಾಷಾ ಮಗಳ ಕೈಗೆ ಕೊಟ್ಟರು. "ಬ್ರೇಕ್ ಹೊಸಾದು ಹಾಕಿದೀನಿ. ಗೆಜ್ಜಲಗೆರೆ ತಂಕ ಹೋಗಿ ಟ್ರಯಲ್ ನೋಡ್ಕಂಡು ಬನ್ನಿ" ಎಂದು ಕಣ್ಣು ಮಿಟುಕಿಸಿದರು.

ಹೆದ್ದಾರಿಯಲ್ಲಿ ಶಬ್ರೀನ್ ಹೊಡೆದ ಸ್ಪೀಡನ್ನು ಅವರಪ್ಪ ನೋಡಿದ್ದರೆ ಕೀ ಕೊಡುತ್ತಿರಲಿಲ್ಲ. ನಾವು ಹೋಗುವುದಕ್ಕೂ ಗೇಟು ತೆರೆಯುವುದಕ್ಕೂ ಸರಿಹೋಯಿತು. ಸಾಲು ಸಾಲಾಗಿ ಹೆಂಗಸರು, ಗಂಡಸರು, ಕೈಯಲ್ಲಿ ಬುತ್ತಿ ಚೀಲ, ಬಸ್ಸು ಹಿಡಿಯುವ ಅವಸರ. ಆ ಜನದ ನಡುವೆ ಚಲುವಣ್ಣ ತಲೆ ತಗ್ಗಿಸಿಕೊಂಡು ಫೋನು ಇಸಿದುಕೊಳ್ಳುವ ಕಿಟಕಿಯ ಕಡೆ ನಡೆಯುತ್ತಿದ್ದ. ಫಲಿತಾಂಶ ಇವತ್ತೇ ಎಂದು ಅವನಿಗೆ ಗೊತ್ತಿತ್ತು. ಆ ತಗ್ಗಿದ ತಲೆ ನೋಡಿ ನನಗೆ ತಡೆಯಲಾಗಲಿಲ್ಲ.

"ಚಲುವಣ್ಣೋ! ಪಾಸ್ ಕಣಣ್ಣೋ! ಎಂಬತ್ತೆರಡು!"

ಜನವೆಲ್ಲ 'ಏನಂತೆ' ಎಂದು ನಿಂತಿತು. ಅವನು ಅಲ್ಲೇ ನಿಂತುಬಿಟ್ಟ. ಪಕ್ಕದಲ್ಲಿದ್ದ ಒಬ್ಬ ಹೆಂಗಸು, "ಲೇ ಚಲುವಾ, ನಿನ್ನೇ ಕೂಗ್ತಾ ಅವ್ರೆ, ಪಾಸಂತೆ ಕಣ್ಲಾ!" ಎಂದು ಅವನ ಬೆನ್ನಿಗೆ ಗುದ್ದಿದಳು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಗೇಟಿನ ತುಂಬ ಚಪ್ಪಾಳೆ. ಬಸ್ಸಿನ ಡ್ರೈವರು ಹಾರ್ನು ಹೊಡೆದರೆ, "ತಡೀರಿ, ನಮ್ ಉಡುಗ ಡಿಗ್ರಿ ಪಾಸ್ ಮಾಡವ್ನೆ" ಎಂದು ಅವನಿಗೇ ಬೈದರು.

ಚಲುವಣ್ಣ ಜನರನ್ನು ಸರಿಸಿಕೊಂಡು ನಮ್ಮ ಹತ್ತಿರ ಬಂದ. ಪರದೆಯನ್ನು ನೋಡಿದ. ತನ್ನ ಹೆಸರು, ನಂಬರು, ಅಂಕ. ಒಂದು ಸಲ ಓದಿದ, ಮತ್ತೊಂದು ಸಲ ಓದಿದ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲಿಲ್ಲ. ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದ, "ನಿಮ್ದು?"

ನಾನು ಶಬ್ರೀನಳನ್ನು ನೋಡಿದೆ. ಶಬ್ರೀನ್ ನನ್ನನ್ನು ನೋಡಿದಳು.

"ನಿಮ್ದೆಷ್ಟ್ರವ್ವಾ?"

"ನೋಡ್ಲಿಲ್ಲ" ಎಂದಳು ಶಬ್ರೀನ್.

"ನೋಡ್ಲಿಲ್ವಾ?"

"ನಿಂದ್ ನೋಡ್ಬುಟ್ಟು ಓಡ್ ಬಂದ್ಬುಟ್ವಿ" ಎಂದೆ ನಾನು. ಹೇಳಿದ ಮೇಲೆಯೇ ನನಗೂ ಅದು ಹೊಳೆದದ್ದು.

ಚಲುವಣ್ಣ ಫೋನನ್ನು ನಮ್ಮ ಕೈಯಿಂದ ಕಿತ್ತುಕೊಂಡ. ನಮ್ಮ ನಂಬರು ಅವನು ಕೇಳಲಿಲ್ಲ, ಅವನಿಗೆ ಗೊತ್ತಿತ್ತು. ಬಸ್ಸು ಹಿಡಿಯಬೇಕಾದವರೂ ಹೋಗದೆ ಅವನ ಸುತ್ತ ನಿಂತರು. ಬಿಳಿ ಪರದೆ ಸುತ್ತುತ್ತಾ ಇತ್ತು. ಅವನು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದ. ತನ್ನದಕ್ಕೂ ಅವನು ಹಾಗೆ ಹೆದರಿರಲಿಕ್ಕಿಲ್ಲ.

"ಶಬ್ರೀನು, ತೊಂಬತ್ತೊಂದು!" ಎಂದು ಅವನು ಗೇಟಿಗೆಲ್ಲ ಕೇಳುವ ಹಾಗೆ ಕೂಗಿದ. ಶಬ್ರೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ತಡೀರಿ, ತಡೀರಿ, ಇನ್ನೊಬ್ಳವಳೆ" ಎಂದು ಜನರನ್ನು ಸುಮ್ಮನಾಗಿಸಿ ಮತ್ತೆ ಒತ್ತಿದ. ಇಷ್ಟು ದಿನ ನನಗಾಗಿ ನಾನು ಹೆದರಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು.

"ಎಂಬತ್ತೊಂಬತ್ತು! ನಮ್ ರೂಪಂದು ಎಂಬತ್ತೊಂಬತ್ತು!"

ನಾನು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಗುರುತೇ ಇಲ್ಲದ ಹೆಂಗಸರು ಬಂದು ನನ್ನ ತಲೆ ಸವರಿದರು.